ಆರನೇ ಕಂಬದ ಮಡಕೆ

ಶಾಲೆಯಲ್ಲಿ ಏನನ್ನಾದರೂ ಒಡೆದು, ಏಟಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೀರಾ? ನಾನು ಮುಚ್ಚಿಕೊಂಡಿದ್ದೆ. ಅದರ ಫಲವನ್ನು ಹೋದ ಶನಿವಾರ ಕಣ್ಣಾರೆ ಕಂಡು ಬಂದೆ.

ಬೆಳಗಿನ ರೈಲಿಗೆ ಬಂಗಾರಪೇಟೆಯಲ್ಲಿ ಇಳಿದು, ಎರಡು ಇಡ್ಲಿ ತಿಂದು ಕೆಜಿಎಫ್ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಸೀಟು ಮಾತ್ರ ಇಲ್ಲ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಲ್ಲಿಂದ ಕ್ಯಾಸಂಬಳ್ಳಿಗೆ ಇನ್ನೊಂದು ಬಸ್ಸು, ಆಮೇಲೆ ನಮ್ಮೂರಿಗೆ ಕಾಲುನಡಿಗೆ.

ನಮ್ಮೂರ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ಇದೇ ದಾರಿ ನಡೆದು ಬಸ್ಸು ಹಿಡಿಯಬೇಕು. ಎಷ್ಟೋ ಮನೆಯವರು ಹೆಣ್ಣುಮಕ್ಕಳನ್ನು ಅಲ್ಲಿಗೇ ಬಿಡಿಸುತ್ತಾರೆ. ಮುಂದಿನ ಹತ್ತು ವರ್ಷಕ್ಕೆ ಶಾಲೆಗೆ ಏನು ಬೇಕು ಎಂಬ ಪಟ್ಟಿಯಲ್ಲಿ ಹೆಡ್‌ಮಿಸ್ ಮೊದಲು ಬರೆದದ್ದು ಒಂಬತ್ತಕ್ಕೆ, ಹತ್ತಕ್ಕೆ ಎರಡು ಕೋಣೆ. ಜಾಗ ಇರುವುದು ತಾರಸಿ ಮೇಲೆ ಮಾತ್ರ. ಅದು ತಾಳುತ್ತದೆಯೇ ಎಂದು ನೋಡಲು ಇಂಜಿನಿಯರ್ ಬರುವವರಿದ್ದರು. ಹಳೇ ವಿದ್ಯಾರ್ಥಿಗಳನ್ನೂ ಕರೆದಿದ್ದರು.

ನಿಜ ಹೇಳಬೇಕೆಂದರೆ ಈ ಯೋಚನೆಯನ್ನು ಮೂವತ್ತೈದು ವರ್ಷದ ಹಿಂದೆಯೇ ಮಾಡಿದವರು ನಾರಾಯಣಪ್ಪ ಮೇಸ್ತ್ರಿ. ಶಾಲೆ ಕಟ್ಟುವಾಗಲೇ, ಮುಂದೆ ಮೇಲೆ ಕೋಣೆ ಎಬ್ಬಿಸಲು ಬೇಕಾದೀತೆಂದು, ಆರು ಕಂಬಗಳ ಕಬ್ಬಿಣವನ್ನು ತಾರಸಿಯಿಂದ ಮೇಲಕ್ಕೆ ಮೊಳದುದ್ದ ಬಿಟ್ಟಿದ್ದರು. ಅದಕ್ಕೆ ಸಿಮೆಂಟ್ ಹಾಲು ಬಳಿದು, ಟಾರು ಹಚ್ಚಿದ ಗೋಣಿ ಸುತ್ತಿ, ನೀರು ಇಳಿಯದಂತೆ ಒಂದೊಂದಕ್ಕೂ ದೊಡ್ಡ ಮಡಕೆ ಬೋರಲು ಹಾಕಿದ್ದರು. ಪ್ರತಿ ಮಳೆಗಾಲಕ್ಕೆ ಮೊದಲು ರಸ್ತೆಯಲ್ಲಿ ನಿಂತು ಮಡಕೆ ಎಣಿಸುತ್ತಿದ್ದರು. ಊರು ನಗುತ್ತಿತ್ತು.

ಶನಿವಾರ ಅವರೂ ಏಣಿ ಹತ್ತಿ ಬಂದರು. ಇಂಜಿನಿಯರ್ ಮಡಕೆ ಎತ್ತಿಸಿ ಗೋಣಿ ಬಿಚ್ಚಿಸಿದರು. ಐದು ಕಂಬದ ಕಬ್ಬಿಣ ನಿನ್ನೆ ಹಾಕಿದಂತಿತ್ತು. ಆರನೆಯದು ಹಿಂದಿನ ಮೂಲೆ, ಹುಣಿಸೆ ಮರದ ಮರೆ. ಅಲ್ಲಿ ಮಡಕೆಯೇ ಇರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಕಬ್ಬಿಣ ಪದರಪದರವಾಗಿ ಉದುರಿತು. ಕಂಬವೂ ಬಿರುಕು ಬಿಟ್ಟಿತ್ತು.

"ಈ ಕಡೆ ಒಂದು ರೂಮ್ ಹಾಕಬಹುದು. ಆ ಕಡೆ ಬೇಡ," ಎಂದರು ಇಂಜಿನಿಯರ್.

"ಹತ್ತನೇ ಕ್ಲಾಸು ಎಲ್ಲಿ ಮಾಡ್ಲಿ ಸಾರ್?" ಹೆಡ್‌ಮಿಸ್ ಕೇಳಿದರು.

ಮೇಸ್ತ್ರಿ ತಲೆ ತಗ್ಗಿಸಿದರು. "ನಂದೇ ತಪ್ಪು ಸಾ. ಐದು ಕಾಣ್ತಿತ್ತು, ಮರದ ಇಂದೆ ಇರೋದು ಎಲ್ಲೋಯ್ತದೆ ಅಂದ್ಕಂಡೆ. ಅತ್ತಿ ನೋಡ್ಬೇಕಾಗಿತ್ತು."

ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. "ಮಾವ, ಅದನ್ನ ಒಡೆದಿದ್ದು ನಾನು. ಐದನೇ ಕ್ಲಾಸಲ್ಲಿ. ಹುಣಿಸೆಕಾಯಿಗೆ ಅಂತ ಕಲ್ಲು ಬೀಸ್ದೆ."

ಅವರು ನನ್ನನ್ನೇ ನೋಡಿದರು. "ಕಾಯಾದ್ರೂ ಬಿತ್ತೇನಮ್ಮೀ?"

"ಇಲ್ಲ ಮಾವ."

"ಥೂ, ಗುರೀನೂ ಇಲ್ಲ." ಯಾರೋ ನಕ್ಕರು. ಅವರು ನಗಲಿಲ್ಲ. "ಒಡ್ದಿದ್ದು ಓಗ್ಲಿ. ಒಂದ್ ಮಾತು ಏಳಿದ್ರೆ ಮಾರ್ನೇ ದಿನಾನೇ ಇನ್ನೊಂದು ಆಕ್ತಿದ್ನಲ್ಲಮ್ಮೀ."

ಹೆಡ್‌ಮಿಸ್ ಪಟ್ಟಿಯಲ್ಲಿ 'ಎರಡು' ಹೊಡೆದುಹಾಕಿ 'ಒಂದು' ಎಂದು ಬರೆದರು.

ನಾನು ಹೊರಟಾಗ ಮೇಸ್ತ್ರಿ ಇನ್ನೂ ತಾರಸಿ ಮೇಲಿದ್ದರು, ಐದು ಕಂಬಕ್ಕೂ ಮತ್ತೆ ಗೋಣಿ ಸುತ್ತಿ ಮಡಕೆ ಬೋರಲು ಹಾಕುತ್ತಾ. ಇಳೀರಿ ಮಾವ ಎಂದರೆ, "ಕಟ್ಟೋಗಂಟ ಮಳೆ ನಿಂತ್ಕಂತದಾ?" ಎಂದರು. ರಸ್ತೆಯ ತಿರುವಿನಲ್ಲಿ ನಿಂತು ಎಣಿಸಿದೆ. ಐದು ಮಡಕೆ.

ನಿಮ್ಮ ಶಾಲೆಯಲ್ಲಿ ನೀವು ಒಡೆದು ಯಾರಿಗೂ ಹೇಳದೆ ಬಿಟ್ಟದ್ದು ಏನು? ಕೆಳಗೆ ಬರೆಯಿರಿ. ಹಾಗೇ ಶಾಲೆಯವರಿಗೂ ಒಂದು ಮಾತು ಹೇಳಿ. ನಿಮ್ಮದನ್ನು ಸರಿಮಾಡಲು ಇನ್ನೂ ಹೊತ್ತಿರಬಹುದು.