ದ್ರಾಕ್ಷಾರಸದ ಬೀಗದ ಕೈ

ನಮ್ಮ ಸಭೆಯ ಹಿರಿಯರು ಕಣ್ಣಿನ ಆಪರೇಷನ್ನಿಗೆ ಅಂತ ಚನ್ನರಾಯಪಟ್ಟಣದ ಮಗಳ ಮನೆಗೆ ಹೊರಟಾಗ, ಚರ್ಚಿನ ಹಿಂದಿನ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ನಿನ್ನಷ್ಟು ನಂಬಿಕಸ್ಥ ಇನ್ನೊಬ್ಬ ಇಲ್ಲ ಕಣಪ್ಪ" ಅಂದರು. ಕುಡುಕನ ಕೈಗೆ ಜಾಡಿ ಕೊಟ್ಟು ಹೋಗ್ತಿದ್ದೀರಲ್ಲ ಸಾ, ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಆ ಕೋಣೆಯಲ್ಲಿ ಇದ್ದದ್ದು ಒಂದು ದೊಡ್ಡ ಪಿಂಗಾಣಿ ಜಾಡಿ. ನಮ್ಮದು ಹೊಳೆನರಸೀಪುರದ ಸಣ್ಣ ಸಭೆ. ಕರ್ತನ ಭೋಜನದ ಆರಾಧನೆಗೆ ಬೇಕಾದ ದ್ರಾಕ್ಷಾರಸವನ್ನು ನಾವು ಎಲ್ಲಿಂದಲೂ ತರೋದಿಲ್ಲ. ಹಿರಿಯರೇ ಕಪ್ಪು ದ್ರಾಕ್ಷಿ ಹಿಸುಕಿ, ಸಕ್ಕರೆ ಹಾಕಿ, ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಡುತ್ತಾರೆ. ಮೂರು ವಾರ, ದಿನಕ್ಕೊಂದು ಸಲ ಮರದ ಸೌಟಿನಲ್ಲಿ ತಿರುಗಿಸಬೇಕು. ಇಲ್ಲದಿದ್ದರೆ ಮೇಲೆ ಬೂಷ್ಟು ಕಟ್ಟಿ ಕೆಟ್ಟುಹೋಗುತ್ತೆ. ಆ ತಿರುಗಿಸೋ ಕೆಲಸ ಈ ಸಲ ನನ್ನ ಪಾಲಿಗೆ ಬಂತು.

ನಾನು ಮೋಟಾರ್ ರೀವೈಂಡಿಂಗ್ ಮಾಡೋನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸೋದು ನನ್ನ ಕಸುಬು. ಕುಡಿಯೋ ಕಾಲದಲ್ಲಿ ಆ ವಾರ್ನಿಷ್ಷೇ ನನಗೆ ಆಸರೆ, ಬಾಯಿಯ ವಾಸನೆಯನ್ನು ಮುಚ್ಚಿಹಾಕಿಬಿಡುತ್ತಿತ್ತು. ಆದರೆ ನನ್ನ ಹೆಂಡತಿ ದಡ್ಡಿಯಲ್ಲ. ಸಂಜೆ ಮನೆಗೆ ಹೋದರೆ ಹೊಸ್ತಿಲಿಗೆ ಅಡ್ಡ ನಿಂತು "ಊದಿ" ಅನ್ನೋಳು. ಟ್ರಾಫಿಕ್ ಪೊಲೀಸರೇ ಎಷ್ಟೋ ವಾಸಿ. ಅವಳ ಮೂಗಿನ ಹತ್ತಿರ ಊದಬೇಕು, ಆಮೇಲೆ ದಾರಿ. ದಾರಿ ಸಿಗದೆ ಜಗಲಿ ಮೇಲೆ ಮಲಗಿದ ದಿನಗಳೇ ಜಾಸ್ತಿ.

ಒಂದು ದಿನ ಹಳ್ಳಿಮೈಸೂರಿನ ತೋಟವೊಂದರಲ್ಲಿ ಕುಡಿದ ಮತ್ತಿನಲ್ಲಿ ಮೋಟಾರ್ ಇಳಿಸೋಕೆ ಹೋಗಿ ನಾನೇ ಬಾವಿಗೆ ಬಿದ್ದೆ. ತೋಟದ ಯಜಮಾನರು ಹಗ್ಗ ಎಸೆದು ಎಳೆದುಕೊಂಡರು. "ಇನ್ನೊಂದ್ಸಲ ಇಂಗೆ ಬಂದ್ರೆ ಅಗ್ಗ ಎಸೆಯಾಕಿಲ್ಲ ಕಣ್ಲಾ" ಅಂದರು. ತಮಾಷೆಗೆ ಹೇಳಿದ್ದಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒದ್ದೆ ಬಟ್ಟೆಯಲ್ಲೇ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತು, ಕರ್ತನೇ ಬಿಡಿಸು ಅಂತ ಅತ್ತೆ. ಅವತ್ತಿನಿಂದ ಒಂದು ತೊಟ್ಟೂ ಕುಡಿದಿಲ್ಲ. ಅಷ್ಟು ಮಾತ್ರ ನಿಜ.

ಸುಳ್ಳು ಶುರುವಾಗಿದ್ದು ಆಮೇಲೆ. ಹಾಸನದ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳು ಅಂದರು. ದೇವರು ನನ್ನ ಬಾಳಿನಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ನಿಂತು ಹೇಳೋದಕ್ಕೆ ನಾವು ಸಾಕ್ಷಿ ಅಂತೀವಿ. ಅಲ್ಲಿ "ಕುಡಿಯೋದು ಬಿಟ್ಟೆ" ಅಂದೆ. ಜನ ತಲೆಯಾಡಿಸಿ ಸುಮ್ಮನಾದರು. ಅರಕಲಗೂಡಿನಲ್ಲಿ "ವಾಸನೆ ಬಂದರೇ ಹೇಸಿಗೆಯಾಗುತ್ತೆ" ಅಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ರುಚಿ ಹತ್ತಿತು ನೋಡಿ, ಚನ್ನರಾಯಪಟ್ಟಣಕ್ಕೆ ಹೋಗೋ ಹೊತ್ತಿಗೆ "ಕನಸಿನಲ್ಲೂ ಆಸೆ ಬರಲ್ಲ, ನನಗೆ ಪೂರ್ತಿ ಜಯ" ಅಂದುಬಿಟ್ಟೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಅವರ ಮಧ್ಯೆ ನನ್ನ ಹೆಂಡತಿಯೂ ಇದ್ದಳು. ಮಾರನೆಯ ದಿನದಿಂದ ಅವಳು ಹೊಸ್ತಿಲಲ್ಲಿ ನಿಲ್ಲೋದು ಬಿಟ್ಟಳು. ನಾನು ಹೋದಾಗ ಬಾಗಿಲು ಸುಮ್ಮನೆ ತೆರೆದಿರುತ್ತಿತ್ತು. ಆ ತೆರೆದ ಬಾಗಿಲು ಕಂಡರೆ ನನಗೆ ಎದೆ ಝಲ್ಲೆನ್ನುತ್ತಿತ್ತು.

ಯಾಕಂದರೆ ಆಸೆ ಎಲ್ಲೂ ಹೋಗಿರಲಿಲ್ಲ. ಆರಾಧನೆಯಲ್ಲಿ ರೊಟ್ಟಿಯ ಚೂರನ್ನು ರಸದಲ್ಲಿ ಅದ್ದಿ ಕೊಡುತ್ತಾರಲ್ಲ, ಆ ಒಂದು ಹನಿಗೇ ಇಡೀ ಭಾನುವಾರ ನನ್ನ ಗಂಟಲು ಒಣಗುತ್ತಿತ್ತು. ಅಂಥವನ ಜೇಬಿಗೆ ಈ ಬೀಗದ ಕೈ ಬಂದು ಬಿದ್ದಿತ್ತು. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ನಾನು ಏನಂತ ಹೇಳಲಿ?

ಮೊದಲ ವಾರ ಬರೀ ಹಣ್ಣಿನ ವಾಸನೆ. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿ, ಹೋಗಿ, ಉಸಿರು ಬಿಗಿಹಿಡಿದು ತಿರುಗಿಸಿ ಬರುತ್ತಿದ್ದೆ. ಎರಡನೇ ವಾರ ಜಾಡಿ ಮಾತಾಡೋಕೆ ಶುರು ಮಾಡಿತು. ಗುಳುಕ್ ಅನ್ನೋದು, ಸುಮ್ಮನಾಗೋದು, ಮತ್ತೆ ಗುಳುಕ್. ಕಿಟಕಿ ಮುಚ್ಚಿದ ಕೋಣೆ, ಹೊರಗೆ ಒಂದು ನರಪಿಳ್ಳೆ ಇಲ್ಲ. ಬಟ್ಟೆ ಬಿಚ್ಚಿದರೆ ಹುಳಿವಾಸನೆ ಮುಖಕ್ಕೆ ಬಡಿಯುತ್ತಿತ್ತು. ನಾನು ಪ್ರಾರ್ಥನೆ ಮಾಡುತ್ತಲೇ ತಿರುಗಿಸುತ್ತಿದ್ದೆ. ಆದರೆ ಬಾಯಿಂದ ಬರುತ್ತಿದ್ದದ್ದು ಅದೇ ಸಾಕ್ಷಿಯ ಮಾತು, ಜಯ ಕೊಟ್ಟೆ ಸ್ತೋತ್ರ, ಜಯ ಕೊಟ್ಟೆ ಸ್ತೋತ್ರ. ದೇವರಿಗೂ ಸುಳ್ಳು ಹೇಳುತ್ತಿದ್ದೆ, ಭಂಡ.

ಅಂಗಡಿಗೆ ವಾಪಸ್ ಬಂದರೂ ಕಿವಿಯಲ್ಲಿ ಅದೇ ಗುಳುಕ್. ತಂತಿಯ ಸುತ್ತು ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಒಂದು ದಿನ ವಾರ್ನಿಷ್ ಡಬ್ಬ ಕಣ್ಣಿಗೆ ಬಿತ್ತು. ಹೇಗೂ ಇದರ ವಾಸನೆ ಇದೆಯಲ್ಲ ಅನ್ನಿಸಿತು. ಈಗಂತೂ ಊದಿಸೋರೂ ಇಲ್ಲ. ಎಷ್ಟು ತಣ್ಣಗೆ ಲೆಕ್ಕ ಹಾಕಿದೆ ಅಂದರೆ, ನನಗೇ ನನ್ನ ಮೇಲೆ ಭಯ ಹುಟ್ಟಿತು.

ಮೂರನೇ ವಾರದ ಶನಿವಾರ ಮಧ್ಯಾಹ್ನ. ತಿರುಗಿಸಿ ಸೌಟು ಎತ್ತಿದೆ, ಕೆಳಗಿಡಲಿಲ್ಲ. ಸೌಟಿನ ತುಂಬ ಕಪ್ಪಗೆ ರಸ. ಕೈ ತಾನಾಗಿಯೇ ಮೇಲೆ ಬಂತು. ಮರದ ಅಂಚು ತುಟಿಗೆ ತಾಗಿತು. ಬಾಯಿ ತೆರೆದರೆ ಮುಗಿಯಿತು, ಅಷ್ಟೇ ದೂರ. ಆಗ ನನ್ನ ಹೊಟ್ಟೆಯೊಳಗಿಂದ ಒಂದು ಮಾತು ಬಂತು: "ಕರ್ತನೇ, ನನಗೆ ಇದು ಬೇಕು. ತುಂಬಾ ಬೇಕು. ನನ್ನ ಕೈಲಿ ಆಗ್ತಿಲ್ಲ." ಬಾವಿಗೆ ಬಿದ್ದ ದಿನದಿಂದೀಚೆಗೆ ನಾನು ಮಾಡಿದ ಮೊದಲನೇ ನಿಜವಾದ ಪ್ರಾರ್ಥನೆ ಅದು. ಬೆಳಕೇನೂ ಕಾಣಲಿಲ್ಲ, ಆಸೆಯೂ ಹೋಗಲಿಲ್ಲ. ಸೌಟು ಮಾತ್ರ ಕೈಯಿಂದ ಜಾರಿತು, ರಸ ಅಂಗಿಯ ಮೇಲೆಲ್ಲ ಚೆಲ್ಲಿತು. ಜಾಡಿಗೆ ಬಟ್ಟೆ ಕಟ್ಟಿ, ಬೀಗ ಹಾಕಿ, ಹಿಂದೆ ನೋಡದೆ ಹೊಳೆಯ ಕಡೆ ನಡೆದುಬಿಟ್ಟೆ. ಅಂಗಿ ಜಾಲಿಸಿದೆ, ಕಲೆ ಹೋಗಲಿಲ್ಲ.

ಮಾರನೆಯ ದಿನ ಆರಾಧನೆಯ ಮಧ್ಯೆ ಎದ್ದು ನಿಂತೆ. "ಅರಕಲಗೂಡಲ್ಲಿ, ಚನ್ನರಾಯಪಟ್ಟಣದಲ್ಲಿ ನಾನು ಹೇಳಿದ್ದು ಸುಳ್ಳು. ಕುಡಿದಿಲ್ಲ, ಆದರೆ ದಿನಾ ಬೇಕು ಅನ್ನಿಸುತ್ತೆ. ನಿನ್ನೆ ಸೌಟು ಬಾಯಿಗೆ ಬಂದಿತ್ತು. ಈ ಬೀಗದ ಕೈ ನನ್ನ ಹತ್ತಿರ ಇರಬಾರದು" ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೋಧಕರಾದ ಅಯ್ಯನವರು ಇಳಿದು ಬಂದು ಬೀಗದ ಕೈ ತಗೊಂಡು ನಿಲುವಂಗಿಯ ಜೇಬಿಗೆ ಹಾಕಿಕೊಂಡರು. "ಕೂತ್ಕೊಳಪ್ಪ" ಅಂದರು. ಆಮೇಲೆ ಮುಂದಿನ ಕೀರ್ತನೆಯ ನಂಬರ್ ಹೇಳಿದರು. ನನ್ನ ಮೈಯಿಂದ ಒಂದು ಮೋಟಾರ್ ಇಳಿಸಿದ ಹಾಗಾಯಿತು. ಪೂರ್ತಿ ಜಯ ಅಂತ ಕೂಗುತ್ತಿದ್ದಾಗ ಇಲ್ಲದ ಬಲ ಆಗ ಬಂದಿತ್ತು.

ಮನೆಗೆ ಬಂದು ಊಟಕ್ಕೆ ಬಡಿಸುವಾಗ ಹೆಂಡತಿ ಒಂದೇ ಮಾತು ಕೇಳಿದಳು: "ಚನ್ನರಾಯಪಟ್ಟಣದಲ್ಲಿ ನಾನು ಅತ್ತಿದ್ದು ಸುಳ್ಳಿಗೇನ್ರೀ?" ಇನ್ನು ಇವಳು ನನ್ನನ್ನು ಯಾವತ್ತೂ ನಂಬೋದಿಲ್ಲ ಅಂದುಕೊಂಡೆ.

ಸೋಮವಾರ ಸಂಜೆ ಅಂಗಡಿ ಮುಚ್ಚಿ ಹೊರಟಾಗ ಬಸ್ ಸ್ಟ್ಯಾಂಡಿನ ಹತ್ತಿರದ ವೈನ್ ಶಾಪಿನ ಬೋರ್ಡು ಹೊತ್ತಿಕೊಂಡಿತ್ತು. ಕಾಲು ಒಂದು ಗಳಿಗೆ ನಿಂತಿತು. ಬೇಕು ಅನ್ನಿಸಿತು. ಬೇಕು ಅನ್ನಿಸ್ತಿದೆ ಕರ್ತನೇ, ಅಂತ ಗಟ್ಟಿಯಾಗೇ ಹೇಳಿಕೊಂಡು ಮುಂದೆ ನಡೆದೆ. ಪಕ್ಕದಲ್ಲಿ ಹೋಗುತ್ತಿದ್ದವನು ತಿರುಗಿ ನೋಡಿದ.

ಮನೆಯ ಬಾಗಿಲು ತೆರೆದಿರಲಿಲ್ಲ. ನಾನು ಕದ ತಟ್ಟುವ ಮೊದಲೇ ಅವಳು ತೆಗೆದು, ಹೊಸ್ತಿಲಿಗೆ ಅಡ್ಡ ನಿಂತಳು.

"ಊದಿ" ಅಂದಳು.

ಊದಿದೆ. ಅವಳು ಮೂಗು ಹತ್ತಿರ ತಂದು, ಆತುರವಿಲ್ಲದೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಕೈಕಾಲು ತೊಳ್ಕೊಳಿ, ಮುದ್ದೆ ಆರೋಯ್ತದೆ" ಅಂದಳು. ಅವತ್ತಿನಿಂದ ಇವತ್ತಿನವರೆಗೂ ಅವಳು ಒಂದು ದಿನವೂ ಬಿಟ್ಟಿಲ್ಲ, ನಾನೂ ಊದದೆ ಒಳಗೆ ಹೋಗಿಲ್ಲ.