ಗಂಗಕ್ಕ ಹೊತ್ತುಕೊಂಡ ಒಪ್ಪತ್ತು

ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದ ಗಂಗಕ್ಕನಿಗೆ ಮಕ್ಕಳ ಮುಖ ನೆನಪಿರುತ್ತಿರಲಿಲ್ಲ, ತಟ್ಟೆ ನೆನಪಿರುತ್ತಿತ್ತು. ಇಡೀ ಸ್ಕೂಲು ಸಾಲಾಗಿ ಬಂದು ನಿಂತರೂ ತಲೆಯೆತ್ತುತ್ತಿರಲಿಲ್ಲ. ಎದುರಿಗೆ ಚಾಚಿದ ತಟ್ಟೆ ನೋಡಿಯೇ, “ಏನಪ್ಪಾ ಬದ್ನೇಕಾಯಿ, ಇವತ್ತೂ ಆರಿಸಿ ಆಚೆಗಿಡ್ತೀಯಾ?” ಅನ್ನೋಳು. ಬದನೆಕಾಯಿ ತಿನ್ನದ ಹುಡುಗ ಬದ್ನೇಕಾಯಿ. ಕರಿಬೇವನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದ ನನ್ನ ಗೆಳತಿ ರೇಖಾ ಕರಿಬೇವು. ನನ್ನ ಹೆಸರು ಶೋಭಾ, ಆದರೆ ಎಂಟನೇ ಕ್ಲಾಸಿಗೆ ಸೇರಿದ ವಾರದಲ್ಲೇ ನಾನು ‘ಇನ್ನೊಂದ್ ಸೌಟು’ ಆಗಿಬಿಟ್ಟಿದ್ದೆ. ಊಟದ ವಿಷಯದಲ್ಲಿ ನನಗೆ ಯಾವತ್ತೂ ನಾಚಿಕೆ ಇರಲಿಲ್ಲ ಬಿಡಿ.

ಯಗಟಿ ದಾಟಿ ಒಳಕ್ಕೆ ಹೋದರೆ ಸಿಗುವ ಊರು ನಮ್ಮದು. ಸ್ಕೂಲಿನ ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ಆಂಜನೇಯನ ಗುಡಿ, ಇವೆರಡರ ನಡುವೆ ಗಂಗಕ್ಕನ ಅಡುಗೆಮನೆ. ಆಜಾನುಬಾಹು ಹೆಂಗಸು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರೆ ಬಕೆಟ್ಟು ಕಾಣುತ್ತಿರಲಿಲ್ಲ. ಸಾರು ಕುದಿ ಬಂದಾಗ ಎಡ ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ, “ಹೂಂ, ಇನ್ನೊಂದ್ ಹಿಡಿ” ಅಂತ ಉಪ್ಪಿನ ಡಬ್ಬಕ್ಕೆ ಕೈ ಹಾಕೋಳು. ಮಕ್ಕಳಿಗೆ ಬಡಿಸುವ ಮುಂಚೆ ಊಟದ ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕಾದದ್ದು ಮೇಷ್ಟ್ರುಗಳ ಕೆಲಸ. ನಮ್ಮ ಹೆಡ್‌ಮಾಸ್ಟರು ಒಂದಗುಳೂ ಬಾಯಿಗಿಡದೆ ‘ರುಚಿಯಾಗಿದೆ’ ಅಂತ ಸಹಿ ಜಡಿಯುತ್ತಿದ್ದರು. ಗಂಗಕ್ಕನ ಅಂಗೈ ಮೇಲೆ ಅವರಿಗೆ ಅಷ್ಟು ನಂಬಿಕೆ. ಯಾರಾದರೂ ಹುಡುಗಿ ಅತ್ತುಕೊಂಡು ಅಡುಗೆಮನೆ ಬಾಗಿಲಿಗೆ ಬಂದರೆ ಗಂಗಕ್ಕ ಕಾರಣ ಕೇಳುತ್ತಿರಲಿಲ್ಲ. “ಮೊದ್ಲು ಉಣ್ಣು, ಆಮೇಲೆ ಅಳು” ಅಂತ ತಟ್ಟೆ ಮುಂದಕ್ಕೆ ತಳ್ಳೋಳು. ಉಂಡ ಮೇಲೆ ಅಳೋಕೆ ನಮಗೆ ನೆನಪೇ ಆಗುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿಯ ಕೊನೆಯ ಮೂರು ತಿಂಗಳು ಬಂತು ನೋಡಿ, ಊರಿಗೆ ಊರೇ ಜ್ವರ ಬಂದಂಗಾಯ್ತು. ಆಟದ ಪೀರಿಯಡ್ಡು ಹೋಯ್ತು, ಭಾನುವಾರವೂ ಸ್ಪೆಷಲ್ ಕ್ಲಾಸು. ಬೆಳಗಿನ ಜಾವ ಮೇಷ್ಟ್ರು ಮನೆಮನೆಗೂ ಫೋನ್ ಮಾಡಿ “ಎದ್ದು ಓದ್ತಾ ಇದ್ದಾಳಾ?” ಅಂತ ಕೇಳೋರು. ನಮ್ಮಪ್ಪ ಗಾಬರಿಯಿಂದ ಎದ್ದು ಕೂತು, “ಎದ್ದವ್ಳೆ ಸಾ, ಓದ್ತಾವ್ಳೆ ಸಾ” ಅಂದು ನನ್ನ ಕಂಬಳಿ ಕಿತ್ತು ಎಸೆಯೋರು. ಸ್ಕೂಲಿಗೆ ನಾನೇ ಫಸ್ಟ್ ಬರಬೇಕು ಅಂತ ಮೇಷ್ಟ್ರು ಹೇಳಿಬಿಟ್ಟಿದ್ದರು. ಆ ಮಾತು ಕೇಳಿದ ದಿನದಿಂದ ನನಗೆ ನಿದ್ದೆಯೂ ಇಲ್ಲ, ಬುದ್ಧಿಯೂ ಇಲ್ಲ.

ಬುದ್ಧಿ ಇದ್ದಿದ್ದರೆ ಆ ಹರಕೆ ಯಾಕೆ ಹೊರುತ್ತಿದ್ದೆ? ಗಣಿತಕ್ಕೆ ಈಶ್ವರ, ಹಾಗಾಗಿ ಸೋಮವಾರ ಒಪ್ಪತ್ತು. ಇಂಗ್ಲಿಷಿಗೆ ಮಠದ ಗುರುಗಳು, ಗುರುವಾರ. ವಿಜ್ಞಾನಕ್ಕೆ ಆಂಜನೇಯ, ಶನಿವಾರ. ಸಮಾಜ ವಿಜ್ಞಾನವನ್ನು ಯಾವ ದೇವರಿಗೂ ವಹಿಸಲಿಲ್ಲ, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಒಪ್ಪತ್ತು ಅಂದರೆ ದಿನಕ್ಕೆ ಒಂದೇ ಹೊತ್ತು ಊಟ ತಾನೇ? ಮಧ್ಯಾಹ್ನದ್ದು ಬಿಟ್ಟರೆ ದೇವರಿಗೂ ಖುಷಿ, ಊಟದ ಬೆಲ್ಲಿನ ಸಮಯವೂ ಓದೋಕೆ ಉಳಿಯಿತು. ರಾತ್ರಿ ಮನೆಯಲ್ಲಿ ಉಣ್ಣುತ್ತಿದ್ದೆನಾದ್ದರಿಂದ ಅವ್ವನಿಗೆ ಗುಮಾನಿಯೇ ಬರಲಿಲ್ಲ. ನನ್ನನ್ನು ನೋಡಿ ಕ್ಲಾಸಿನ ಹುಡುಗಿಯರೆಲ್ಲ ಶುರುಹಚ್ಚಿಕೊಂಡರು. ಒಬ್ಬಳದು ಊರಮ್ಮನಿಗೆ ಮಂಗಳವಾರ, ಇನ್ನೊಬ್ಬಳದು ಲಕ್ಷ್ಮಿಗೆ ಶುಕ್ರವಾರ. ಬುಧವಾರಕ್ಕೆ ಮಾತ್ರ ಯಾರಿಗೂ ದೇವರು ಸಿಗಲಿಲ್ಲ, ಪಾಪ. ಇಡೀ ಕ್ಲಾಸಿನಲ್ಲಿ ಹರಕೆ ಹೊರದವಳು ರೇಖಾ ಒಬ್ಬಳೇ. “ನಂಗ್ ಹಸಿವಾಗುತ್ತೆ ಕಣ್ರೇ” ಅಂತ ತಟ್ಟೆ ಹಿಡಿದು ಹೊರಟುಬಿಡೋಳು. ನಾವು ಅವಳ ಬೆನ್ನನ್ನೇ ಮರುಕದಿಂದ ನೋಡುತ್ತಿದ್ದೆವು.

ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಬಂದದ್ದು ಸೋಮವಾರವೇ. ಈಶ್ವರನಿಗೆ ಇನ್ನಷ್ಟು ಸಂತೋಷವಾಗಲಿ ಅಂತ ಅವತ್ತು ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದೆ. ಪೇಪರ್ ಕೈಗೆ ಬಂತು. ತ್ರಿಭುಜ ನೋಡಿದೆ, ಅದಕ್ಕೆ ನಾಲ್ಕು ಮೂಲೆ ಕಂಡವು. ಆಮೇಲೆ ಎಂಟು. ಆಮೇಲೆ ಏನೂ ಕಾಣಲಿಲ್ಲ.

ಕಣ್ಣು ಬಿಟ್ಟಾಗ ಅಡುಗೆಮನೆಯಲ್ಲಿದ್ದೆ. ಗಂಗಕ್ಕ ನನ್ನನ್ನು ಎತ್ತಿಕೊಂಡೇ ಬಂದಿದ್ದಳಂತೆ, ಹಿಂದೆ ಹೆಡ್‌ಮಾಸ್ಟರು ನನ್ನ ಚಪ್ಪಲಿ ಹಿಡಿದು ಓಡಿ ಬಂದಿದ್ದರಂತೆ. ಬಾಯಿಗೆ ಬೆಲ್ಲದ ನೀರು ಬಿಡುತ್ತಾ ಕೇಳಿದಳು:

“ಯಾವಾಗ್ ಉಂಡಿದ್ದೆ?”

“ನೆನ್ನೆ ರಾತ್ರಿ. ಇವತ್ತು ಒಪ್ಪತ್ತು ಗಂಗಕ್ಕ.”

“ಯಾವ್ ದೇವ್ರಿಗೆ?”

“ಒಟ್ಟು ಮೂರ್ ದೇವ್ರಿಗೆ.”

ಗಂಗಕ್ಕ ಲೋಟ ಕೆಳಗಿಟ್ಟಳು. “ಮೂರ್ ಮೂರ್ ದೇವ್ರು ಸೇರ್ಕಂಡು ನಿನ್ನೊಬ್ಳನ್ನ ಪಾಸ್ ಮಾಡ್ಬೇಕೇನೇ? ಅಷ್ಟ್ ದಡ್ಡಿಯಾ ನೀನು?”

ಹೆಡ್‌ಮಾಸ್ಟರು ಕಿಸಕ್ಕನೆ ನಕ್ಕು, ನಗಬಾರದಿತ್ತು ಅಂತ ಹೊಳೆದು ಆಚೆ ಹೋದರು. ನನಗೆ ಮಾತ್ರ ಅಳು ಒತ್ತರಿಸಿಕೊಂಡು ಬಂತು. ಗಂಗಕ್ಕ ಎಂದಿನಂತೆ ತಟ್ಟೆ ಮುಂದಿಟ್ಟಳು. ನಾನು ಮುಟ್ಟಲಿಲ್ಲ. “ಉಣ್ಣಂಗಿಲ್ಲ ಗಂಗಕ್ಕ. ಹರಕೆ ತಪ್ಪಿದ್ರೆ ದೇವ್ರು ಫೇಲ್ ಮಾಡ್ಬಿಡ್ತಾನೆ. ಉಣ್ದೇ ಇದ್ರೆ ಬರೆಯಕ್ಕಾಗಲ್ಲ. ನಾನ್ ಪರೀಕ್ಷೆನೇ ಬರೆಯಲ್ಲ, ಬಿಟ್ಬಿಡ್ತೀನಿ.” ನಾಟಕವಲ್ಲ, ನಿಜವಾಗಿ ಬಿಡಬೇಕು ಅಂತಲೇ ಇದ್ದೆ. ಅಷ್ಟು ಭಯ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಅವತ್ತು ಮೊದಲ ಸಲ ಗಂಗಕ್ಕ ನನ್ನ ತಟ್ಟೆ ಬಿಟ್ಟು ಮುಖ ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಗುಡಿಗೆ ದರದರ ಎಳೆದುಕೊಂಡು ಹೋಗಿ, ಆಂಜನೇಯನ ಮುಂದೆ ನಿಲ್ಲಿಸಿ, ಅಂಗಡಿಯವನ ಹತ್ತಿರ ಮಾತಾಡಿದ ಹಾಗೆ ಮಾತಾಡಿದಳು. “ಸ್ವಾಮೀ, ಈ ಹುಡ್ಗಿ ನಿಂಗೆ ಒಪ್ಪತ್ತು ಅಂತ ಹೇಳ್ಕಂಡವ್ಳೆ. ತಿಳೀಲಿಲ್ಲ, ಎಳೇದು. ಆ ಒಪ್ಪತ್ತನ್ನ ಇವತ್ತಿಂದ ನಾನ್ ಹೊತ್ಕಂಡೆ. ಉಳಿದ್ ಇಬ್ರಿಗೂ ನೀನೇ ಒಂದ್ ಮಾತ್ ಹೇಳ್ಬಿಡು. ಮಾರ್ಕ್ಸ್ ಮಾತ್ರ ಇವ್ಳಿಗೇ ಹಾಕು, ಮರ್ತು ನಂಗ್ ಹಾಕ್ಬಿಟ್ಟೀಯ!” ನನ್ನ ಕಡೆ ತಿರುಗಿ, “ರಿಸಲ್ಟ್ ಬಂದ್ಮೇಲೆ ನೀನೇ ಬಂದು, ನಿನ್ ಕೈಯಾರೆ ನಂಗೊಂದ್ ತುತ್ತು ಉಣ್ಸಿ ಬಿಡಿಸ್ಬೇಕು. ಈಗ ನಡಿ, ಸಾರ್ ಆರೋಯ್ತದೆ” ಅಂದಳು.

ಅವತ್ತು ನಾನು ಉಂಡದ್ದನ್ನು ಹೇಳಬಾರದು. ಮೂರು ಸಲ ಹಾಕಿಸಿಕೊಂಡೆ.

ಸುದ್ದಿ ನಿಲ್ಲುತ್ತದೆಯೇ? ಮಾರನೇ ದಿನ ಅಡುಗೆಮನೆ ಬಾಗಿಲಲ್ಲಿ ಹುಡುಗಿಯರ ಸಾಲು. “ಗಂಗಕ್ಕ, ನಂದು ಮಂಗಳವಾರ.” “ಗಂಗಕ್ಕ, ನಂದು ಶುಕ್ರವಾರ.” ಗಂಗಕ್ಕ ಎಲ್ಲರದನ್ನೂ ತರಕಾರಿ ಇಳಿಸಿಕೊಂಡಂತೆ ಇಳಿಸಿಕೊಂಡಳು. ಕೊನೆಗೆ ನೋಡಿದರೆ ಅವಳಿಗೆ ನೆಮ್ಮದಿಯಾಗಿ ಎರಡು ಹೊತ್ತು ಉಣ್ಣೋಕೆ ಬುಧವಾರ, ಭಾನುವಾರ ಬಿಟ್ಟರೆ ದಿನವೇ ಉಳಿದಿರಲಿಲ್ಲ. “ಅಯ್ಯೋ ನನ್ ಕರ್ಮವೇ, ನಾಕ್ನೇ ಕ್ಲಾಸ್ ಓದಿರೋ ನಾನು ಎಸ್ಸೆಸ್ಸೆಲ್ಸಿ ಕಟ್ದಂಗಾಯ್ತಲ್ಲೇ” ಅಂತ ಹೊಟ್ಟೆ ಹಿಡಿದು ನಗೋಳು.

ತೊಂದರೆ ಆದದ್ದು ಉಪ್ಪಿಗೆ. ಒಪ್ಪತ್ತಿನ ದಿನ ಸಂಜೆಯವರೆಗೆ ಏನನ್ನೂ ಬಾಯಿಗೆ ಸೋಕಿಸಬಾರದು ಅಂತ ಅವಳ ನೇಮ. ಹಾಗಾಗಿ ಅಂಗೈ ಪರೀಕ್ಷೆ ನಿಂತುಹೋಯಿತು. ಮೊದಲ ದಿನ ಸಾರು ಸಪ್ಪೆ. ಎರಡನೇ ದಿನ ಎಷ್ಟು ಉಪ್ಪಾಗಿತ್ತೆಂದರೆ ಇಡೀ ಸ್ಕೂಲು ಬೋರ್‌ವೆಲ್ ನಲ್ಲಿಗೆ ಬಾಯಿ ಕೊಟ್ಟು ನಿಂತಿತ್ತು. ಆವತ್ತೂ ಪುಸ್ತಕದಲ್ಲಿ ‘ರುಚಿಯಾಗಿದೆ’ ಅಂತಲೇ ಇತ್ತು. ಮೂರನೇ ದಿನದಿಂದ ಗಂಗಕ್ಕ ಉಪಾಯ ಮಾಡಿದಳು: ಬೆಳಿಗ್ಗೆ ಸ್ಪೆಷಲ್ ಕ್ಲಾಸಿನ ನಡುವೆ ಹತ್ತನೇ ಕ್ಲಾಸಿನ ಹುಡುಗಿಯರು ಬಂದು ಉಪ್ಪು ನೋಡಬೇಕು. ಒಂದು ಹನಿ ಅಂತ ಶುರುವಾದದ್ದು ಒಂದು ಸೌಟಾಯಿತು. ಬರೀ ಸಾರು ಹೇಗೆ ಕುಡಿಯೋದು ಅಂತ ಅದಕ್ಕೆ ಒಂದು ಹಿಡಿ ಅನ್ನ ಸೇರಿತು. ಉಂಡ ಮೇಲೆ ಕಣ್ಣು ಎಳೆಯುತ್ತಲ್ಲ, ಅದಕ್ಕೆ, “ಉಗ್ರಾಣದಲ್ಲಿ ಒಂದ್ ಗಳಿಗೆ ಒರಗ್ಕಳ್ರೇ, ನಾನ್ ಎಬ್ಬುಸ್ತೀನಿ” ಅಂದಳು.

ಒಂದು ದಿನ ಎಬ್ಬಿಸೋದು ಮರೆತಳು. ಹೆಡ್‌ಮಾಸ್ಟರು ಹುಡುಗಿಯರ ಸಾಲಿನಲ್ಲಿ ರೇಖಾ ಒಬ್ಬಳೇ ಕೂತದ್ದು ನೋಡಿ ಹೌಹಾರಿ, ಹುಡುಕುತ್ತಾ ಉಗ್ರಾಣದ ಬಾಗಿಲು ತೆಗೆದರೆ, ಶಾಲೆಯ ಮಾನ ಕಾಪಾಡಬೇಕಾದ ಹನ್ನೊಂದು ಹುಡುಗಿಯರು ಅಕ್ಕಿ ಮೂಟೆಗಳ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದೇವೆ!

“ಏನಮ್ಮ ಗಂಗಮ್ಮ ಇದು? ಪರೀಕ್ಷೆಗೆ ಮೂರು ವಾರವೂ ಇಲ್ಲ!”

“ಉಪ್ಪು ನೋಡಕ್ ಬಂದಿದ್ರು ಸಾ.”

“ಉಪ್ಪು ನೋಡಿದರೆ ನಿದ್ದೆ ಬರುತ್ತಾ?”

“ಸರ್ಯಾಗಿದ್ರೆ ಬತ್ತದೆ ಸಾ. ನೀವೂ ಒಂದಿನ ನೋಡ್ಬೇಕು, ದಿನಾ ಬರ್ದಷ್ಟೇ ಆಯ್ತು.”

ಹೆಡ್‌ಮಾಸ್ಟರ ಮುಖ ಕೆಂಪಾಯಿತು. ಬಯ್ಯೋಕೆ ಬಾಯಿ ತೆರೆದವರು ನಮ್ಮನ್ನು ನೋಡಿದರು. ಎಲ್ಲರ ಕೆನ್ನೆ ಮೇಲೂ ಗೋಣಿಚೀಲದ ನೇಯ್ಗೆ ಅಚ್ಚೊತ್ತಿತ್ತು. ನಗು ತಡೆಯೋಕಾಗದೆ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಮಾರನೇ ದಿನದಿಂದ ಟೈಮ್‌ಟೇಬಲ್ಲಿನಲ್ಲಿ ಊಟದ ಮೇಲೆ ಅರ್ಧ ಗಂಟೆ ‘ಮೌನ ಅಭ್ಯಾಸ’ ಅಂತ ಬಂತು. ಅದು ಎಲ್ಲಿ, ಹೇಗೆ ಅಂತ ಯಾರೂ ವಿಚಾರಿಸಲಿಲ್ಲ. ನನಗಂತೂ ತ್ರಿಭುಜಕ್ಕೆ ಮತ್ತೆ ಮೂರೇ ಮೂಲೆ ಕಾಣತೊಡಗಿದವು.

ಪರೀಕ್ಷಾ ಕೇಂದ್ರ ಇದ್ದದ್ದು ಕಡೂರಿನಲ್ಲಿ. ಗಣಿತದ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಗಂಗಕ್ಕ ಡಬರಿ ತುಂಬ ಚಿತ್ರಾನ್ನ ಇಟ್ಟುಕೊಂಡು ನಿಂತಿದ್ದಳು. ತಿನ್ನದವರನ್ನು ಬಸ್ಸು ಹತ್ತಿಸಲಿಲ್ಲ. ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾಗಿ ಇಳಿದು ಬಂದರೆ, ಅವನ ಕೈಗೂ ಒಂದು ಮುತ್ತುಗದ ಎಲೆ ಕೊಟ್ಟು, “ತಿನ್ನಪ್ಪಾ, ನಿಂದೂ ಡ್ಯೂಟಿ ಅಲ್ವಾ” ಅಂದಳು. ಅವನು ತಿಂದ. ಆಮೇಲೆ ಡ್ರೈವರೂ ಇಳಿದ. ಬಸ್ಸಿನಲ್ಲಿದ್ದ ಚೌಳಹಿರಿಯೂರಿನ ಮುದುಕರೊಬ್ಬರು ಕಿಟಕಿಯಿಂದಲೇ ಕೈ ಚಾಚಿದರು. ಹನ್ನೊಂದು ಹುಡುಗಿಯರೂ, ರೇಖಾಳೂ ಅರಿಶಿನದ ಬೆರಳುಗಳಲ್ಲೇ ಗಣಿತ ಬರೆದೆವು.

ಪಾಸಾದೆವು, ಎಲ್ಲರೂ! ನಾನು ಸ್ಕೂಲಿಗೆ ಎರಡನೆಯವಳು. ಫಸ್ಟ್ ಬಂದವಳು ಯಾರು ಅಂತ ಕೇಳಲೇಬೇಡಿ. ಒಂದು ದೇವರಿಗೂ ಒಂದು ಹೊತ್ತೂ ಬಿಡದ ರೇಖಾ.

ಉಳಿದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಹೋಗಿ ಗಂಗಕ್ಕನಿಗೆ ತುತ್ತು ಉಣ್ಣಿಸಿ ತಮ್ಮ ತಮ್ಮ ಒಪ್ಪತ್ತು ಬಿಡಿಸಿ ಬಂದರು. ನಾನು ಹೋಗಲಿಲ್ಲ. ರಿಸಲ್ಟ್ ದಿನ ತರೀಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲೇ ಪಿಯುಸಿಗೆ ಸೇರಿದೆ, ಅಲ್ಲೇ ಲ್ಯಾಬ್ ಕೋರ್ಸು, ಅಲ್ಲೇ ಕೆಲಸ. ಈಗ ಬೆಳಗಾದರೆ ಜನಕ್ಕೆ “ಖಾಲಿ ಹೊಟ್ಟೇಲಿ ಬನ್ನಿ” ಅಂತ ಹೇಳಿ ರಕ್ತ ತೆಗೆಯೋದೇ ನನ್ನ ಕಸುಬು. ಊರಿಗೆ ಹೋದಾಗಲೆಲ್ಲ ಸ್ಕೂಲಿಗೆ ರಜೆ ಇರುತ್ತಿತ್ತು. ನೆಪ ಹೇಳಬಾರದು, ಮರೆತೇಬಿಟ್ಟಿದ್ದೆ.

ಕಳೆದ ತಿಂಗಳು ಅಜ್ಜಂಪುರಕ್ಕೆ ಹೋಗಿದ್ದೆ. ಗಂಗಕ್ಕ ಕೆಲಸ ಬಿಟ್ಟು ಅಲ್ಲಿ ಮಗಳ ಮನೆಯಲ್ಲಿದ್ದಾಳೆ ಅಂತ ರೇಖಾ ಹೇಳಿದ್ದಳು. ಸಂಜೆ ಹುಡುಕಿಕೊಂಡು ಹೋದೆ. ಗಂಗಕ್ಕ ಅರ್ಧಕ್ಕರ್ಧ ಇಳಿದುಹೋಗಿದ್ದಳು, ನಗು ಮಾತ್ರ ಅಷ್ಟೇ ಗಾತ್ರದ್ದು. ಮಾತಾಡ್ತಾ ಮಾತಾಡ್ತಾ ಕತ್ತಲಾಯಿತು, ಮಗಳು ಉಂಡೇ ಹೋಗಬೇಕು ಅಂತ ಹುರುಳಿ ಸಾರು, ಮುದ್ದೆ ಬಡಿಸಿದಳು. ಗಂಗಕ್ಕನ ಮುಂದೆ ಮಾತ್ರ ಒಂದು ಬಟ್ಟಲು ನೆನೆಸಿದ ಅವಲಕ್ಕಿ.

“ಯಾಕ್ ಗಂಗಕ್ಕ, ಶುಗರ್ರಾ?”

“ಥೂ, ಬಿಡ್ತು ಅನ್ನು. ಇವತ್ ಶನಿವಾರ ಅಲ್ವೇನೇ.”

ಮಗಳು ಸಾರು ಬಡಿಸುತ್ತಾ ಸಿಡುಕಿದಳು. “ಕೆಲ್ಸ ಬಿಟ್ಮೇಲೆ ಶನಿವಾರ ಬಂದ್ರೆ ಮಧ್ಯಾಹ್ನ ಒಂದ್ಹೊತ್ತೇ ಊಟ ಅಕ್ಕ, ರಾತ್ರಿ ಬರೀ ಅವಲಕ್ಕಿ. ಯಾವ್ದೋ ಸ್ಕೂಲ್ ಹುಡ್ಗಿ ಹರಕೆಯಂತೆ. ಈ ವಯಸ್ಸಲ್ಲಿ ಬೇಡ ಕಣವ್ವ ಅಂದ್ರೆ ಕೇಳಲ್ಲ.”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ.

“ಗಂಗಕ್ಕ, ನಾನ್ ಪಾಸಾಗಿ ಏಳು ವರ್ಷ ಆಯ್ತು!”

“ಗೊತ್ತು ಕಣೇ, ಅವತ್ತೇ ಹೇಳಿದ್ರು. ಸೋಮವಾರದೋನು, ಗುರುವಾರದೋರು ನಾನ್ ಕೇಳ್ದೇಟ್ಗೆ ಬಿಟ್ರು. ಆದ್ರೆ ನಿನ್ನ ಕರ್ಕಂಡೋಗಿ ನಿಲ್ಸಿದ್ದು ಆಂಜನೇಯನ ಮುಂದೆ. ಅವ್ನಿಗೆ ನೀನೇ ಬಿಡಿಸ್ತೀಯ ಅಂತ ಮಾತ್ ಕೊಟ್ಟಿದ್ನಲ್ಲ.” ಅವಲಕ್ಕಿಯಲ್ಲಿ ಬೆರಳಾಡಿಸುತ್ತಾ ಅಂದಳು. “ಅಲ್ದೆ, ಹುಡ್ಗಿಗೆ ಪಿಯುಸಿ ಇರ್ತದೆ, ಆಮೇಲ್ ಇನ್ನೇನೋ ಪರೀಕ್ಷೆ ಇರ್ತದೆ. ನಡೀಲಿ ಬಿಡು ಅಂದ್ಕಂಡೆ.”

ಪಿಯುಸಿಯಲ್ಲಿ, ಲ್ಯಾಬ್ ಕೋರ್ಸಿನಲ್ಲಿ, ಎಲ್ಲ ಪರೀಕ್ಷೆಗೂ ನಾನು ಹೊಟ್ಟೆ ತುಂಬ ತಿಂದು, ಕಣ್ತುಂಬ ನಿದ್ದೆ ಮಾಡಿ ಹೋಗಿದ್ದೆ. ನನಗೆ ಭೋರೆಂದು ಅಳು ಬಂತು. ತಡೆದುಕೊಳ್ಳಲಿಲ್ಲ. ಅಳುತ್ತಲೇ ಅವಲಕ್ಕಿ ಬಟ್ಟಲು ಆಚೆ ಸರಿಸಿ, ನನ್ನ ತಟ್ಟೆಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಯ ಹತ್ತಿರ ಹಿಡಿದೆ.

ಗಂಗಕ್ಕ ತುತ್ತನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ತುತ್ತನ್ನು ನೋಡಿದಳು.

“ಇಷ್ಟಿಷ್ಟೇ ಮುರೀಬೇಡ ಕಣೇ. ಏಳ್ ವರ್ಷದ ಹಸಿವು.”

ಮಗಳು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಎದ್ದು ಹೋಗಿ ಮತ್ತೆ ಎಸರಿಟ್ಟಳು.