ಅಕ್ಕನ ಚಾಕ್ ಚುಕ್ಕೆ

ನನ್ನ ಅಕ್ಕ ಟೈಲರ್. ವಯಸ್ಸು ನಲವತ್ತಮೂರು. ಆನ್‌ಲೈನ್ ಬಂದೂಕಿನ ಆಟದಲ್ಲಿ ಅವಳ ಗುರಿ ತಪ್ಪುವುದು ಅಪರೂಪ. ಹಾಗೆಂದರೆ ಜನ ನಗುತ್ತಾರೆ. ನಗಲಿ, ಹಲ್ಲು ಅವರದು.

ಹನ್ನೊಂದು ತಿಂಗಳು ಅವಳು ಅಭ್ಯಾಸ ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ಅವಳ ಹೊಲಿಗೆ ಅಂಗಡಿಯಲ್ಲೇ ಕಾಜಾ ಹೊಲಿದು ಗುಂಡಿ ಹಚ್ಚುವುದು ನನ್ನ ಕೆಲಸ. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಅವಳಿಗೆ ಕಂಪ್ಯೂಟರಿನ ಮುಂದೆ ಒಂದು ಗಂಟೆ ಬೇಕೇ ಬೇಕು. ಯಾರನ್ನೂ ಕೊಲ್ಲುವುದಿಲ್ಲ, ಪರದೆಯ ಖಾಲಿ ಗೋಡೆಯ ಮೇಲೆ ಮೂಡುವ ಚೆಂಡುಗಳಿಗೆ ಗುರಿಯಿಡುವುದಷ್ಟೇ. ಮೊದಲು ನಿಧಾನ, ತಪ್ಪದೆ ನೂರು ಹೊಡೆದ ಮೇಲೆ ವೇಗ.

"ಹೊಲಿಗೆ ಕಲಿತಿದ್ದೂ ಹೀಗೇ ಅಲ್ವೇನೇ? ಮೊದಲ್ನೇ ದಿನಾನೇ ಮಷೀನ್ ಜೋರಾಗಿ ಓಡಿಸಿದ್ರೆ ಹೊಲಿಗೆ ಬೆರಳಿಗೇ ಬೀಳುತ್ತೆ," ಅನ್ನುವಳು.

ಆಟದಲ್ಲಿ ಉದ್ದ ಬಂದೂಕು ಹಿಡಿದರೆ ಪರದೆಯ ನಡುವಿನ ಗುರಿಯ ಗುರುತು ಮಾಯವಾಗುತ್ತದೆ. ಅದಕ್ಕೆ ಅಕ್ಕ ಟೇಪು ಹಿಡಿದು ಅಳೆದು, ಪರದೆಯ ಗಾಜಿನ ಮೇಲೇ ನಟ್ಟನಡುವೆ, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ಗುರುತು ಹಾಕದೆ ಯಾವ ಟೈಲರ್ ಕತ್ತರಿ ಆಡಿಸುತ್ತಾರೆ?

ಊರಿನ ತಂಡಕ್ಕೆ ಐದನೆಯವರು ಬೇಕೆಂದು ಗೇಮಿಂಗ್ ಸೆಂಟರಿನಲ್ಲಿ ಆಯ್ಕೆ ಇಟ್ಟರು. ಅಕ್ಕನಿಗೆ ಬೇಕಿದ್ದದ್ದು ಆ ಒಂದು ಜಾಗ, ಬೇರೇನೂ ಅಲ್ಲ. ಕುರ್ಚಿಯಲ್ಲಿ ಕೂತದ್ದೇ ತಡ, ರೂಢಿಯಂತೆ ಜೇಬಿನಿಂದ ಚಾಕ್ ತೆಗೆದು ಚುಕ್ಕೆ ಇಟ್ಟಳು. ಮೂವತ್ತಕ್ಕೆ ಇಪ್ಪತ್ತೊಂಬತ್ತು ಹೊಡೆದಳು. ಕುಣಿಯಲಾರದವರಿಗೆ ನೆಲ ಡೊಂಕು. ಸೋತವರೆಲ್ಲ ಆ ಚುಕ್ಕೆಗೆ ಬೆರಳು ತೋರಿಸಿದರು.

"ಇದು ಮೋಸ ಆಂಟಿ," ಅಂದ ತಂಡದ ಕ್ಯಾಪ್ಟನ್.

ಅಕ್ಕ ಹೆಬ್ಬೆರಳಿನಿಂದ ಒರೆಸಿದಳು. "ಅಳಿಸಿದೀನಪ್ಪ. ಇನ್ನೊಂದ್ಸಲ ಆಡ್ತೀನಿ, ನೋಡು."

"ರೂಲ್ಸ್ ಅಂದ್ರೆ ರೂಲ್ಸ್. ಜಾಗ ಬೇರೆಯವರಿಗೆ ಕೊಟ್ಟಾಯ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಪರದೆಯ ಕೆಳಗೆ ಒಂದು ಬಟನ್ ಇದೆ, ಒತ್ತಿದರೆ ನಡುವೆ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಆಗಲೂ ಹೊತ್ತಿಕೊಂಡೇ ಇತ್ತು. ಅದೇನು ಎಂದು ಕೇಳಿದೆ.

"ಅದು ಮಾನಿಟರ್ ಕಂಪನಿಯವರೇ ಕೊಟ್ಟಿರೋದು," ಅಂದ.

ಅಂದರೆ ದುಡ್ಡು ಕೊಟ್ಟು ಕೊಂಡ ಚುಕ್ಕೆ ಜಾಣತನ, ಕೈಯಾರೆ ಇಟ್ಟ ಚುಕ್ಕೆ ಮೋಸ. ಯಾವ ಸೀಮೆಯ ನ್ಯಾಯ ಇದು? ನಾನು ಇನ್ನೂ ಜಗಳಕ್ಕೆ ನಿಲ್ಲುತ್ತಿದ್ದೆ, ಅಕ್ಕ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಮರುದಿನ ಬೆಳಿಗ್ಗೆ ಅವಳ ಕಂಪ್ಯೂಟರಿಗೆ ಹಳೇ ಲೈನಿಂಗ್ ಬಟ್ಟೆ ಹೊದಿಸಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ವಾರದ ಮೇಲೆ ಅದೇ ಕ್ಯಾಪ್ಟನ್ ಐದು ಜೆರ್ಸಿ ಹಿಡಿದು ಅಂಗಡಿಗೆ ಬಂದ. ನಾಚಿಕೆಯಾದರೂ ಬೇಡವೇ? ಉದ್ದ ಕಡಿಮೆ ಮಾಡಬೇಕಂತೆ, ಸಂಜೆಗೇ ಬೇಕಂತೆ. ಬೇರೆ ಅಂಗಡಿ ನೋಡಿಕೋ ಎನ್ನಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಸುಮ್ಮನಿರಿಸಿ, ಬೆನ್ನಿಗೆ ಐದು ಅಂತ ಬರೆದಿದ್ದ ಜೆರ್ಸಿಯನ್ನು ಮೇಜಿನ ಮೇಲೆ ಹರಡಿ, ನೇರವಾಗಿ ಕತ್ತರಿ ಎತ್ತಿದಳು.

"ಅಯ್ಯೋ ಆಂಟಿ, ಮೊದ್ಲು ಗುರುತು ಹಾಕ್ಕೊಳ್ಳಿ," ಎಂದು ಅವನು ಮೇಜಿಗೆ ಅಡ್ಡ ಬಂದ.

ಅಕ್ಕ ಕತ್ತರಿ ಇಳಿಸಲಿಲ್ಲ. "ಗುರುತು ಹಾಕಿದ್ರೆ ಮೋಸ ಅಲ್ವೇನಪ್ಪ?"

ಅವನ ಕಿವಿ ಕೆಂಪಾಯಿತು. ಅಕ್ಕ ಜೇಬಿನಿಂದ ಚಾಕ್ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನೀನೇ ಹಾಕು."